ಅರೆ, ಅರ್ಧ, ಬೇಗ: ಬಳಕೆಯ ಅರ್ಥ

‘ಅರ್ಧ’ ಸಂಸ್ಕೃತದ್ದು, ‘ಅರೆ’ ಕನ್ನಡದ್ದು, ಎರಡರ ಅರ್ಥವೂ ಒಂದೇ ಎಂದು ಹೇಳಿ ಮುಂದುವರಿಯುವುದು ವ್ಯಾಕರಣದ ತರಗತಿಗಳಲ್ಲಿ ವಾಡಿಕೆ. ‘ಬೇಗ’ವನ್ನು ‘ವೇಗ’ದ ತದ್ಭವವೆಂದು ಪಟ್ಟಿಗೆ ಸೇರಿಸಿದರೆ ಅಲ್ಲಿಗೂ ಪಾಠ ಮುಗಿಯುತ್ತದೆ. ಈ ಪದಗಳು ಬಳಕೆಯಲ್ಲಿ ಮಾಡುತ್ತಿರುವ ಕೆಲಸ ಮಾತ್ರ ಚರ್ಚೆಗೆ ಬರುವುದೇ ಇಲ್ಲ.

ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಕೇಳುತ್ತಾರೆಯೇ ಹೊರತು ‘ಅರೆ ಕಿಲೋ’ ಎಂದು ಕೇಳುವವರಿಲ್ಲ. ‘ಅರೆಮನಸ್ಸು’, ‘ಅರೆಜೀವ’, ‘ಅರೆಹುಚ್ಚ’ ಎಂಬಲ್ಲಿ ಅಳತೆಯ ಪ್ರಶ್ನೆಯೇ ಏಳದು. ಅಲ್ಲಿ ಸೂಚಿತವಾಗುವುದು ಪೂರ್ಣವಾಗದ ಸ್ಥಿತಿ. ಹಾಗೆಂದು ಅರೆಗೆ ಲೆಕ್ಕ ತಿಳಿಯದು ಎನ್ನುವಂತಿಲ್ಲ. ‘ಒಂದೂವರೆ’, ‘ಎರಡೂವರೆ’ಗಳಲ್ಲಿ ವಕಾರಾಗಮದ ಮರೆಯಲ್ಲಿರುವುದು ಅರೆಯೇ. ‘ಅರೆಕಾಲು’ ಎಂದರೆ ಕಾಲಿನ ಅರ್ಧ, ಕರಾರುವಾಕ್ಕಾಗಿ ಎಂಟನೆಯ ಒಂದು ಪಾಲು. ಅಳತೆಯ ಪದವಾಗಿದ್ದ ಅರೆ ಇಂತಹ ಸಂಖ್ಯಾರೂಪಗಳಲ್ಲಿ ತನ್ನ ಹಕ್ಕನ್ನು ಉಳಿಸಿಕೊಂಡು, ಉಳಿದೆಡೆ ತೂಕ ಅಳತೆಗಳನ್ನು ಬಹುಮಟ್ಟಿಗೆ ಅರ್ಧಕ್ಕೆ ಬಿಟ್ಟುಕೊಟ್ಟಂತೆ ತೋರುತ್ತದೆ. ಇದು ಸಮಾನಾರ್ಥವಲ್ಲ, ಕೆಲಸದ ಹಂಚಿಕೆ. (ಱಕಾರ ಅಳಿದ ಮೇಲೆ ಬಂಡೆಯೆಂಬ ಅರ್ಥದ ‘ಅಱೆ’ಯೂ ಇದೇ ರೂಪಕ್ಕೆ ಬಂದು ಸೇರಿತು, ರುಬ್ಬುವ ‘ಅರೆ’ ಮೊದಲೇ ಇತ್ತು.)

ಅರೆ ಕಾಲವಾಚಕವನ್ನು ಸೇರಿದಾಗ ಶೀಘ್ರತೆಯ ಮಾತಾಗುತ್ತದೆ. ಗಳಿಗೆಯೆಂದರೆ 24 ನಿಮಿಷ. ಆದರೆ ‘ಅರೆಗಳಿಗೆಯಲ್ಲಿ ಬಂದೆ’ ಎಂದವನು 12 ನಿಮಿಷದ ಲೆಕ್ಕ ಕೊಡುತ್ತಿಲ್ಲ. ‘ಬೇಗ’ದ ನಡೆ ಇನ್ನೂ ಕುತೂಹಲಕರ. ‘ನಾಳೆ ಬೇಗ ಬಾ’ ಎಂಬಲ್ಲಿ ಅದು ಹೊತ್ತನ್ನು ಹೇಳುತ್ತದೆ, ‘ಬೇಗ ಬೇಗ ನಡೆ’ ಎಂಬಲ್ಲಿ ಗತಿಯನ್ನು. ದ್ವಿರುಕ್ತಿಯಾದೊಡನೆ ಹೊತ್ತಿನ ಅರ್ಥ ಹಿಂದೆ ಸರಿಯುತ್ತದೆ. ಮೂಲವಾದ ‘ವೇಗ’ಕ್ಕೆ ಹೊತ್ತಿನ ಅರ್ಥವೇ ಇಲ್ಲವಾದ್ದರಿಂದ, ತದ್ಭವವೆಂಬ ಒಂದು ಪದದಿಂದ ಈ ವ್ಯತ್ಯಾಸ ತಿಳಿಯದು. ಪಾರಸಿಯಿಂದ ಬಂದ ‘ಜೋರು’ ಗತಿಗೂ ದನಿಗೂ ಮಳೆಗೂ ಮನುಷ್ಯರ ಸ್ವಭಾವಕ್ಕೂ ಸಲ್ಲುತ್ತದೆ. ಅದಕ್ಕೆದುರಾದ ‘ಮೆಲ್ಲಗೆ’ಯೂ ನಡಿಗೆ, ದನಿ ಎರಡಕ್ಕೂ ಒದಗುತ್ತದೆ. ಸಂಸ್ಕೃತದಲ್ಲಿ ಸಂದರ್ಭ, ಅವಕಾಶಗಳನ್ನು ಹೇಳುವ ‘ಅವಸರ’ ಕನ್ನಡದಲ್ಲಿ ಆತುರವಾಗಿದೆ. ಹಿಂದಿಯಿಂದ ಅನುವಾದಿಸುವವರು ಎಡವುವ ತಾಣಗಳಲ್ಲಿ ಇದೂ ಒಂದು.

ಬಳಕೆಯ ಈ ಸೂಕ್ಷ್ಮವನ್ನು ಗಮನಿಸದೆ ಪಾರಿಭಾಷಿಕ ಪದಗಳನ್ನು ಕಟ್ಟುವುದರ ಫಲ ಕಣ್ಣೆದುರಿಗಿದೆ. ಅರೆವಾಹಕ, ಅರೆಸೇನಾಪಡೆ, ಅರೆನ್ಯಾಯಿಕ, ಅರೆಸರ್ಕಾರಿ ಪತ್ರ: ಇಂಗ್ಲಿಷಿನ ನಾಲ್ಕು ಬೇರೆ ಬೇರೆ ಪೂರ್ವಪ್ರತ್ಯಯಗಳ ಹೊರೆಯನ್ನು ಒಂದೇ ಅರೆ ಹೊರಬೇಕಾಗಿದೆ. ಅರೆವಾಹಕದಲ್ಲಿ ವಾಹಕತೆಯ ಮಟ್ಟದ ಸೂಚನೆಯಾದರೂ ಸಿಗುತ್ತದೆ. ಅರೆಸೇನಾಪಡೆ ಅರ್ಧ ಸೇನೆಯಲ್ಲ. ಸೇನೆಯ ಮಾದರಿಯಲ್ಲಿ ಸಂಘಟಿತವಾಗಿ ಸೇನೆಯಿಂದ ಹೊರಗಿರುವ ಪಡೆ. ಅರೆಸರ್ಕಾರಿ ಪತ್ರವಂತೂ ಅಧಿಕಾರಿಯು ಅಧಿಕಾರಿಗೆ ಹೆಸರಿಟ್ಟು ಬರೆಯುವ ಕಚೇರಿಯ ಪತ್ರವೇ ಆಗಿರುತ್ತದೆ.

ಪಾರಿಭಾಷಿಕ ಪದಗಳ ತೊಡಕನ್ನು ತಜ್ಞರ ಸಮಿತಿಗಳು ಸರಿಪಡಿಸಿಯಾವು. ಸುಳ್ಯ ಹಾಗೂ ಕೊಡಗಿನ ‘ಅರೆಭಾಷೆ’ಯ ವಿಚಾರ ಅಷ್ಟು ಹಗುರವಲ್ಲ. ತನ್ನದೇ ಕ್ರಿಯಾರೂಪಗಳು, ಗಾದೆ, ಹಾಡುಗಬ್ಬಗಳಿರುವ ಈ ನುಡಿಗೆ 2011ರಲ್ಲಿ ಪ್ರತ್ಯೇಕ ಅಕಾಡೆಮಿಯೇ ಸ್ಥಾಪನೆಯಾಯಿತು. ಆದರೂ ಹೆಸರಿನಲ್ಲಿರುವ ಅರೆಯನ್ನು ಕೇಳಿ ಅದನ್ನು ಅಪೂರ್ಣ ಕನ್ನಡವೆಂದು ಬಗೆಯುವುದು ಸುಲಭ. ‘ಅರೆ’ಯ ನಮೂದಿನಲ್ಲಿ ‘ಅರ್ಧ’ ಎಂಬ ಒಂದೇ ಅರ್ಥ ಕೊಟ್ಟು ಕೈತೊಳೆದುಕೊಳ್ಳುವ ಕಿರುನಿಘಂಟು, ಅದನ್ನು ಮನೆಮಾತಾಗಿ ಆಡುವವರ ನುಡಿಯನ್ನೂ ಅರ್ಧವೆಂದೇ ಓದಿಸುತ್ತದೆ.