ತರಬೇತಿ ಆಕೆಗೆ ಮಾತ್ರ ಬೇಕೆ?

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ, ಡಾಕ್ಟರೇಟ್ ಪಡೆದ, ವಿದ್ಯಾರ್ಥಿಗಳ ಗೌರವಕ್ಕೆ ಪಾತ್ರರಾದ ನಲವತ್ತೈದರ ಆಸುಪಾಸಿನ ಮಹಿಳೆಯೊಬ್ಬರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದಾರು. ಅವರು ಪ್ರಾಂಶುಪಾಲರಾಗಬಹುದಲ್ಲವೆ ಎಂದು ಮಾತೆತ್ತಿ ನೋಡಿ. "ಆಡಳಿತವೆಂದರೆ ತಲೆನೋವು ಫಾದರ್, ಅವಳಿಗೆ ಅದೆಲ್ಲ ಬೇಡ" ಎಂಬ ಉತ್ತರ ಅನೇಕ ವೇಳೆ ಪಕ್ಕದಲ್ಲಿ ಕುಳಿತ ಪತಿಯ ಬಾಯಿಂದ ಬರುತ್ತದೆ. ಕಾಲೇಜಿನ ಆಡಳಿತ ಮಂಡಳಿಯವರು ಇದನ್ನೇ ತುಸು ನಯವಾಗಿ ಹೇಳುತ್ತಾರೆ: ಮಹಿಳೆಯರಲ್ಲಿ ಆತ್ಮವಿಶ್ವಾಸ ಸಾಲದು, ಮೊದಲು ಅವರಿಗೆ ನಾಯಕತ್ವದ ತರಬೇತಿ ಕೊಡೋಣ. ಈ ಮಾತನ್ನು ನಾನು ಒಪ್ಪಲಾರೆ. ನೂರು ಮಂದಿ ಯುವಕ ಯುವತಿಯರ ತರಗತಿಯನ್ನು ಎರಡು ದಶಕ ಕಾಲ ಹತೋಟಿಯಲ್ಲಿಟ್ಟುಕೊಂಡವರಿಗೆ ಆತ್ಮವಿಶ್ವಾಸವಿಲ್ಲ ಎನ್ನುವುದು ಎಂತಹ ತರ್ಕ?

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು. ಬೋಧಕರಲ್ಲಿ ಶೇಕಡ 43ಕ್ಕೂ ಹೆಚ್ಚು ಮಹಿಳೆಯರು. ಆದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಯಿಂದ ಪ್ರಾಧ್ಯಾಪಕ ಹುದ್ದೆಗೆ ಬರುವಷ್ಟರಲ್ಲಿ ಈ ಪ್ರಮಾಣ ಕುಸಿಯುತ್ತದೆ; ಕುಲಪತಿಯ ಪೀಠದ ಬಳಿ ಬೆರಳೆಣಿಕೆಯಷ್ಟೇ ಉಳಿಯುತ್ತದೆ. ಹಂಸಾ ಮೆಹ್ತಾ ಅವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಕುಲಪತಿಯಾದದ್ದು 1949ರಲ್ಲಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯಕ್ಕೆ ಮೊದಲ ಮಹಿಳಾ ಕುಲಪತಿ ದೊರೆತದ್ದು 2022ರಲ್ಲಿ. ಅಲೀಗಢದ ಕತೆ ಇನ್ನೂ ವಿಚಿತ್ರ. 1920ರಲ್ಲಿ ಆ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿಯಾದವರು ಭೋಪಾಲದ ಬೇಗಂ ಸುಲ್ತಾನ್ ಜಹಾನ್. ಆದರೆ ದೈನಂದಿನ ಆಡಳಿತ ನಡೆಸುವ ಕುಲಪತಿಯ ಪೀಠದಲ್ಲಿ ಮಹಿಳೆ ಕುಳಿತದ್ದು 2024ರಲ್ಲಿ. ಗೌರವದ ಸ್ಥಾನಕ್ಕೂ ಅಧಿಕಾರದ ಸ್ಥಾನಕ್ಕೂ ನಡುವೆ ನೂರನಾಲ್ಕು ವರ್ಷಗಳ ಅಂತರ!

ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. ಉನ್ನತ ಶಿಕ್ಷಣದಲ್ಲಿರುವ ಮಹಿಳಾ ಆಡಳಿತಗಾರರ ಸಾಮರ್ಥ್ಯವರ್ಧನೆಗೆಂದು ಯುಜಿಸಿಯು ಯೋಜನೆಯೊಂದನ್ನು ರೂಪಿಸಿ, ಈ ಶತಮಾನದ ಮೊದಲ ದಶಕದಲ್ಲಿ ದೇಶದ ಹಲವೆಡೆ ಕಾರ್ಯಾಗಾರಗಳನ್ನು ನಡೆಸಿತು. ಅವು ವ್ಯರ್ಥವೆಂದು ನಾನು ಹೇಳುವುದಿಲ್ಲ. ಆದರೆ ಕಾರ್ಯಾಗಾರದಿಂದ ಮರಳಿದ ಅಧ್ಯಾಪಕಿ ಯಾವ ಕೆಲಸಕ್ಕೆ ಮರಳುತ್ತಾರೆ ಎಂಬುದನ್ನು ಯಾರು ವಿಚಾರಿಸುತ್ತಾರೆ?

ಕಾಲೇಜುಗಳಲ್ಲಿ ಸಮಿತಿಗಳು ಹಂಚಿಕೆಯಾಗುವ ಪರಿಯನ್ನು ಗಮನಿಸಿರಿ. ಪ್ರಾರ್ಥನಾಗೀತೆ, ರಂಗೋಲಿ, ಅತಿಥಿಗಳ ಸತ್ಕಾರ, ವಿದ್ಯಾರ್ಥಿನಿಯರ ಹಾಸ್ಟೆಲಿನ ಮೇಲ್ವಿಚಾರಣೆ, ಸಾಂಸ್ಕೃತಿಕ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯುವುದು ಮಹಿಳೆಯರ ಪಾಲು. ಕಟ್ಟಡ, ಖರೀದಿ, ಹಣಕಾಸು, ನೇಮಕಾತಿ ಪುರುಷರ ಪಾಲು. ನ್ಯಾಕ್ ತಂಡ ಬರುತ್ತದೆಂದರೆ ಐದು ವರ್ಷಗಳ ಕಡತಗಳನ್ನು ಜೋಡಿಸಿ, ಸ್ವಯಂ ಅಧ್ಯಯನ ವರದಿಯನ್ನು ರಾತ್ರಿಯೆಲ್ಲ ಕುಳಿತು ಬರೆಯುವವರು ಈ ಅಧ್ಯಾಪಕಿಯರೇ. ತಂಡದ ಎದುರು ಎದ್ದು ನಿಂತು ಮಾತನಾಡುವವರು ಬೇರೆಯವರು. ಆಕೆ ಪಕ್ಕದಲ್ಲಿ ನಿಂತು ಕೇಳಿದ ಕಡತವನ್ನು ಎತ್ತಿಕೊಡುತ್ತಾರೆ. ಮುಂದೆ ಪ್ರಾಂಶುಪಾಲರ ಹುದ್ದೆ ತೆರವಾದಾಗ "ಅವರಿಗೆ ಹಣಕಾಸಿನ ಅನುಭವವಿಲ್ಲ" ಎಂಬ ಆಕ್ಷೇಪ ಬರುತ್ತದೆ. ಅನುಭವ ಕೊಡದೆ ಉಳಿದವರು ಯಾರು, ಸ್ವಾಮಿ?

ಯುಜಿಸಿಯ 2018ರ ನಿಯಮಾವಳಿಯಂತೆ ಪದವಿ ಕಾಲೇಜಿನ ಪ್ರಾಂಶುಪಾಲರಾಗಲು ಪಿಎಚ್.ಡಿ., ಹದಿನೈದು ವರ್ಷಗಳ ಸೇವೆ, ಕನಿಷ್ಠ ಹತ್ತು ಸಂಶೋಧನಾ ಪ್ರಕಟಣೆಗಳು ಬೇಕು. ಕೇಳಲು ಇದು ನ್ಯಾಯವಾದದ್ದೇ. ಆದರೆ ಈ ಹತ್ತು ಪ್ರಬಂಧಗಳನ್ನು ಬರೆಯಬೇಕಾದ ವರ್ಷಗಳು ಯಾವುವು? ಮಗುವಿನ ಜ್ವರ, ಮಗಳ ಹತ್ತನೆಯ ತರಗತಿ, ಹಾಸಿಗೆ ಹಿಡಿದ ಅತ್ತೆ, ಪತಿಯ ವರ್ಗಾವಣೆ ಎಲ್ಲವೂ ಒಟ್ಟಿಗೆ ಬರುವ ವರ್ಷಗಳು. ಸಂಶೋಧನೆಗೆ ಪುರುಷನಿಗೆ ಸಿಗುವ ಸಂಜೆ ಏಳರಿಂದ ಹತ್ತರ ಸಮಯ ಆಕೆಗೆ ಅಡುಗೆಮನೆಯಲ್ಲಿ ಕಳೆಯುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಕಣ್ಣೆದುರಿಗೇ ಇದೆ. ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಆರಂಭಿಸಿದರು. 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಬಂತು. ಲೆಕ್ಕಪತ್ರ, ಕಟ್ಟಡ, ವಿಶ್ವವಿದ್ಯಾನಿಲಯದೊಂದಿಗೆ ವ್ಯವಹಾರ ಎಲ್ಲವನ್ನೂ ಮಹಿಳೆಯರೇ ತಲೆಮಾರುಗಳ ಕಾಲ ನಿಭಾಯಿಸಿದ್ದಾರೆ. ಅವರಿಗೆ ಹುಟ್ಟಿನಿಂದಲೇ ವಿಶೇಷ ಧೈರ್ಯ ಬಂದಿತ್ತೆ? ಇಲ್ಲ. ಸಭೆಯು ಅವರನ್ನು ಉನ್ನತ ವ್ಯಾಸಂಗಕ್ಕೆ ಕಳುಹಿಸಿತು, ಹೊಣೆಗಾರಿಕೆಯನ್ನು ಬೇಗನೆ ಕೈಗಿತ್ತಿತು. ಸಂಜೆಯ ಅಡುಗೆ ಯಾರು ಮಾಡುತ್ತಾರೆಂದು ಅವರನ್ನು ಯಾರೂ ಕೇಳಲಿಲ್ಲ. ಅದೇ ಸಂಸ್ಥೆಗಳಲ್ಲಿ ದುಡಿಯುವ ಗೃಹಸ್ಥ ಅಧ್ಯಾಪಕಿಯರಿಗೆ ಈ ಮೂರು ಅನುಕೂಲಗಳೂ ಸಿಗುವುದು ಅಪರೂಪ. ನಾವು ಗುರುಗಳು ನಡೆಸುವ ಕಾಲೇಜುಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಬೇಸರಪಡುವವರು ಬೇಸರಪಡಲಿ. ಅಲ್ಲಿ ಪ್ರಾಂಶುಪಾಲರ ಕುರ್ಚಿ ಸಾಮಾನ್ಯವಾಗಿ ಗುರುವಿಗೇ ಮೀಸಲು. ಸಮರ್ಥ ಅಧ್ಯಾಪಕಿಯ ಪಯಣ ಉಪಪ್ರಾಂಶುಪಾಲರ ಕೊಠಡಿಯಲ್ಲಿ ನಿಂತುಬಿಡುತ್ತದೆ.

ತರಬೇತಿ ಕೊಡುವುದಾದರೆ ಕೊಡಿ, ಆದರೆ ಅದು ಹುರಿದುಂಬಿಸುವ ಭಾಷಣವಾಗದಿರಲಿ. ಆಯವ್ಯಯ ಸಿದ್ಧಪಡಿಸುವುದು, ಸೇವಾ ನಿಯಮಗಳು, ಲೆಕ್ಕಪರಿಶೋಧನೆಯ ಆಕ್ಷೇಪಗಳಿಗೆ ಉತ್ತರ, ಇಲಾಖಾ ವಿಚಾರಣೆ, ಶಿಕ್ಷಣ ಇಲಾಖೆಯೊಂದಿಗಿನ ಪತ್ರವ್ಯವಹಾರ ಅದರಲ್ಲಿರಲಿ. ಮುಗಿದ ಮೇಲೆ ಒಂದು ವರ್ಷ ಹಣಕಾಸು ಸಮಿತಿಯಲ್ಲಿ ಸ್ಥಾನವನ್ನೂ, ಪ್ರಾಂಶುಪಾಲರು ರಜೆಯಲ್ಲಿರುವಾಗ ಸಹಿ ಮಾಡುವ ಅಧಿಕಾರ ಸಹಿತ ಪ್ರಭಾರವನ್ನೂ ಕೊಡಿರಿ. ಸಹಿಯ ಅಧಿಕಾರವಿಲ್ಲದ ಪ್ರಭಾರವೆಂದರೆ ಕೊಠಡಿಯ ಬೀಗದ ಕೈ ಕಾಯುವ ಕೆಲಸ ಅಷ್ಟೆ.

ಇನ್ನು ಕುಟುಂಬದವರಾದ ನಿಮಗೆ. ಇಂತಹ ತರಬೇತಿಗಾಗಿ ಎರಡು ವಾರ ಬೇರೆ ಊರಿನಲ್ಲಿ ಉಳಿಯಬೇಕೆಂಬ ಪತ್ರ ಮನೆಗೆ ಬರಬಹುದು. ಆಕೆ ಅದನ್ನು ಮೇಜಿನ ಮೇಲಿಟ್ಟು ಎಲ್ಲರ ಮುಖ ನೋಡುತ್ತಾರೆ. ಆ ಸಂಜೆ ಅತ್ತೆಯವರ ಮಾತ್ರೆಯ ಹೊತ್ತು, ಹಾಲಿನವನ ಲೆಕ್ಕ, ಮಕ್ಕಳ ಊಟದ ಡಬ್ಬಿ ಇವನ್ನು ತಾನೇ ಬರೆದುಕೊಳ್ಳಲು ಕಾಗದ ಪೆನ್ನು ತೆಗೆದುಕೊಳ್ಳುವ ಪತಿ ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಮಂದಿ ಇದ್ದಾರೆ?