ಕಡಲುಗಳ್ಳರ ದಂಡನೆಯೂ ಖಲಾಸಿಗಳ ಪ್ರಾಣವೂ

2024ನೆಯ ಮಾರ್ಚ್ ತಿಂಗಳಲ್ಲಿ ನಮ್ಮ ನೌಕಾದಳದವರು ಅರಬ್ಬೀ ಸಮುದ್ರದಲ್ಲಿ ನಡೆಸಿದ ಕಾರ್ಯವು ಎಲ್ಲ ವಿಧದಲ್ಲಿಯೂ ಶ್ಲಾಘನೀಯವಾದುದು. ಸೊಮಾಲಿಯದ ಕಡಲುಗಳ್ಳರು ಮೂರು ತಿಂಗಳ ಹಿಂದೆ ಅಪಹರಿಸಿದ್ದ ‘ರುಯೆನ್’ ಎಂಬ ಸರಕುಹಡಗನ್ನು ‘ಕೋಲ್ಕತ್ತ’ ಯುದ್ಧನೌಕೆಯು ನಮ್ಮ ತೀರದಿಂದ ಸುಮಾರು 2,600 ಕಿಲೋಮೀಟರು ದೂರದಲ್ಲಿ ಅಡ್ಡಗಟ್ಟಿತು. ಕಳ್ಳರು ಗುಂಡು ಹಾರಿಸಿದರು. ನೌಕೆಯವರಾದರೋ ಹಡಗನ್ನು ಮುಳುಗಿಸಲಿಲ್ಲ. ಅದರ ಚುಕ್ಕಾಣಿಯನ್ನು ನಿಷ್ಕ್ರಿಯಗೊಳಿಸಿ, ವಿಮಾನದಿಂದ ಕಮಾಂಡೋಗಳನ್ನು ಸಮುದ್ರಕ್ಕಿಳಿಸಿ, ಸುಮಾರು 40 ಗಂಟೆಗಳ ಕಾಲ ಪಟ್ಟು ಸಡಿಲಿಸದೆ ಇದ್ದರು. ಕೊನೆಗೆ 35 ಮಂದಿ ಕಳ್ಳರೂ ಶರಣಾದರು. ಹಡಗಿನ 17 ಮಂದಿಗೆ ಒಂದು ಗಾಯವೂ ಆಗಲಿಲ್ಲ.

ಈ ತಾಳ್ಮೆಯ ಬೆಲೆಯನ್ನು ಅರಿಯಬೇಕಾದರೆ 2008ನೆಯ ನವೆಂಬರನ್ನು ನೆನೆಯಬೇಕು. ಏಡನ್ ಕೊಲ್ಲಿಯಲ್ಲಿ ‘ತಬರ್’ ನೌಕೆಯು ಕಳ್ಳರ ಹಡಗೊಂದನ್ನು ಮುಳುಗಿಸಿತೆಂಬ ವಾರ್ತೆಯು ಬಂದಾಗ ಜನರು ಹರ್ಷಪಟ್ಟರು. ಕೆಲವು ದಿನಗಳ ಮೇಲೆ, ಅದು ಕಳ್ಳರು ವಶಪಡಿಸಿಕೊಂಡಿದ್ದ ಥಾಯ್ ದೇಶದ ಮೀನುಹಡಗೆಂದು ತಿಳಿದುಬಂದಿತು. ಅದರ ಬೆಸ್ತರಲ್ಲಿ ಬದುಕಿ ಸಿಕ್ಕಿದವನು ಒಬ್ಬನೇ. ಕಳ್ಳರು ಆಯುಧ ತೋರಿ ಬೆದರಿಸಿದ್ದರಿಂದ ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತೆಂದು ನೌಕಾದಳವು ಹೇಳಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಡಲಿನಲ್ಲಿ ಕಳ್ಳನು ಸಾಧುವಿನ ಹಡಗನ್ನೇರಿಯೇ ಬರುವನು. ಮೇಲೆ ಬಂದೂಕು ಹಿಡಿದು ನಿಂತವನು ಕಾಣುತ್ತಾನೆ. ಕೆಳಗೆ ಕೈಕಟ್ಟಿಸಿಕೊಂಡು ಬಿದ್ದಿರುವವನು ಕಾಣಿಸುವುದಿಲ್ಲ.

2011ರಲ್ಲಿ ನಡೆದುದು ಇನ್ನೂ ಶೋಚನೀಯ. ಆ ವರ್ಷದ ಮಾರ್ಚ್‌ನಲ್ಲಿ ನೌಕಾದಳವು ಒಂದೇ ಕಾರ್ಯಾಚರಣೆಯಲ್ಲಿ 61 ಮಂದಿ ಕಳ್ಳರನ್ನು ಸೆರೆಹಿಡಿಯಿತು. ಮರುತಿಂಗಳು ‘ಆಸ್ಫಾಲ್ಟ್ ವೆಂಚರ್’ ಹಡಗಿನ ಬಿಡುಗಡೆಗಾಗಿ ಹಣ ಸಂದಾಯವಾದರೂ, ಭಾರತದಲ್ಲಿ ಸೆರೆಯಲ್ಲಿರುವ ತಮ್ಮವರನ್ನು ಬಿಡಬೇಕೆಂದು ಹಟಹಿಡಿದ ಕಳ್ಳರು ಅದರ 15 ಮಂದಿ ಭಾರತೀಯರಲ್ಲಿ 7 ಮಂದಿಯನ್ನು ಉಳಿಸಿಕೊಂಡರು. ಅವರಿಗೆ ಬಿಡುಗಡೆಯಾದುದು 2014ರ ಅಕ್ಟೋಬರಿನಲ್ಲಿ! ಕಳ್ಳರನ್ನು ಹಿಡಿಯಬಾರದಿತ್ತೆಂದು ನಾವು ಹೇಳುವವರಲ್ಲ, ಹಿಡಿದುದು ಸರಿಯೇ. ಆದರೆ ಸರ್ಕಾರದ ದೃಢತೆಯ ಸಾಲವನ್ನು ಏಳು ಸಂಸಾರಗಳು ಮೂರೂವರೆ ವರ್ಷ ತೀರಿಸಿದುವು.

2022ರ ಕಡಲುಗಳ್ಳತನ ವಿರೋಧೀ ಶಾಸನವು ಅಪರಾಧಿಗೆ ಯಾವಜ್ಜೀವ ಕಾರಾವಾಸವನ್ನೂ, ಪ್ರಾಣಹಾನಿಯಾದಲ್ಲಿ ಮರಣದಂಡನೆಯನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ‘ರುಯೆನ್’ ಹಡಗಿನಲ್ಲಿ ಸಿಕ್ಕವರನ್ನು ಮುಂಬಯಿಗೆ ತಂದು ಪೋಲೀಸರಿಗೆ ಒಪ್ಪಿಸಲಾಯಿತು. ಸಂತೋಷವೇ. ಆದರೆ ಶಾಸನದ ದೃಷ್ಟಿಯೆಲ್ಲ ಕಳ್ಳನ ಮೇಲೆಯೇ ನೆಟ್ಟಿದೆ. ಒತ್ತೆಯಾದ ಖಲಾಸಿಯ ಬಿಡುಗಡೆಗೆ ಹೊಣೆ ಯಾರು? ಒತ್ತೆಯಲ್ಲಿರುವ ಕಾಲದ ಸಂಬಳವು ನಿಲ್ಲಕೂಡದೆಂಬ ಅಂತರರಾಷ್ಟ್ರೀಯ ನಿಯಮವು 2020ರಿಂದ ಜಾರಿಯಲ್ಲಿದೆ, ನಿಜ. ಹಡಗಿನ ಒಡೆಯನು ಒಂದು ದೇಶದವನು, ಧ್ವಜವು ಮತ್ತೊಂದರದು, ದುಡಿಯುವವನು ನಮ್ಮವನು. ಒಡೆಯನು ಕೈತೊಳೆದುಕೊಂಡರೆ ಖಲಾಸಿಯ ಹೆಂಡತಿಯು ಯಾವ ಕಚೇರಿಯ ಬಾಗಿಲನ್ನು ತಟ್ಟಬೇಕು? ಆ ಕಚೇರಿಯನ್ನೂ ಅದರ ಅಧಿಕಾರಿಯನ್ನೂ ಅವನ ಕರ್ತವ್ಯವನ್ನೂ ಶಾಸನದಲ್ಲಿಯೇ ಸ್ಪಷ್ಟವಾಗಿ ನಮೂದಿಸಬೇಕೆಂದು ಕೇಂದ್ರ ಸರ್ಕಾರವನ್ನು ಒತ್ತಾಯಪಡಿಸುತ್ತೇವೆ. ಕರಾವಳಿಯ ಲೋಕಸಭಾ ಸದಸ್ಯರು ಈ ಪ್ರಶ್ನೆಯನ್ನು ಬರುವ ಅಧಿವೇಶನದಲ್ಲಿಯೇ ಎತ್ತಬೇಕು.