ಬಾಯಿಮಾತಿನ ಇನ್ಸೆಂಟಿವ್

'ಸಂಬಳ ನೋಡಬೇಡಮ್ಮ, ಇನ್ಸೆಂಟಿವ್ ನೋಡು' ಎಂದಿದ್ದರು ಮ್ಯಾನೇಜರ್. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದ ನನಗೆ ಬಿಲ್ಡರ್ ಒಬ್ಬರ ಬಳಿ ಫ್ಲ್ಯಾಟ್ ಮಾರುವ ಕೆಲಸ ಸಿಕ್ಕಿತ್ತು. ಭಾನುವಾರಗಳನ್ನೆಲ್ಲ ಸೈಟ್ ವಿಸಿಟ್‌ಗೆ ಕೊಟ್ಟು ಎರಡು ಫ್ಲ್ಯಾಟ್ ಮಾರಿದೆ. ಕಮಿಷನ್ ನೋಂದಣಿಯಾದ ಮೇಲೆ ಎಂದರು. ಅಷ್ಟರಲ್ಲಿ ನಾನು ಕೆಲಸ ಬಿಟ್ಟಿದ್ದೆ. 'ಬಿಟ್ಟುಹೋದವರಿಗೆ ಕೊಡುವ ಪದ್ಧತಿ ಇಲ್ಲ' ಎಂದುಬಿಟ್ಟರು. ಹೋದದ್ದು 70 ಸಾವಿರ ರೂಪಾಯಿ.

ಕಾರ್ಮಿಕ ಇಲಾಖೆಗೆ ದೂರು ಕೊಟ್ಟರೆ ಸಾಕು ಎಂದುಕೊಂಡಿದ್ದೆ. ಆದರೆ 2019ರ ವೇತನ ಸಂಹಿತೆ ಕಮಿಷನ್ನನ್ನು 'ವೇತನ'ದಿಂದ ಹೊರಗಿಟ್ಟಿದೆ. ಹೀಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟು ಮಾತ್ರ ವೇತನ. ಕಮಿಷನ್ ಆಸೆ ತೋರಿಸಿಯೇ ಕೆಲಸಕ್ಕೆ ಸೇರಿಸಿಕೊಳ್ಳುವ ಕ್ಷೇತ್ರದಲ್ಲಿ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಉಳಿದದ್ದು ಲೀಗಲ್ ನೋಟಿಸ್, ಆಮೇಲೆ ಸಿವಿಲ್ ಕೋರ್ಟ್. ಹಣ ಬರಬೇಕಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಲಿಖಿತ ಕರಾರಿನಲ್ಲಿ ಮೊತ್ತ ಖಚಿತವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹಾಕಬಹುದು. ಅಲ್ಲಿ ಎದುರಾಳಿ ವಾದ ಮಾಡಲೂ ಕೋರ್ಟಿನ ಅನುಮತಿ ಬೇಡಬೇಕು. ನನ್ನ ಆಫರ್ ಲೆಟರ್‌ನಲ್ಲಿ ಇದ್ದದ್ದು 'ಕಂಪನಿ ನಿಯಮದಂತೆ ಇನ್ಸೆಂಟಿವ್' ಎಂಬ ಒಂದೇ ಸಾಲು. ಎಷ್ಟು, ಯಾವಾಗ, ಒಂದೂ ಇಲ್ಲ. ಓದದೆ ಸಹಿ ಹಾಕಿದವಳು ನಾನೇ.

ನನ್ನ ಗೆಳೆಯನದು ಬೇರೆ ಕಥೆ. ಅವನು ರೇರಾದಲ್ಲಿ ನೋಂದಾಯಿಸಿಕೊಂಡ ಏಜೆಂಟ್. ಕಮಿಷನ್ ಕೈಗೆ ಬಂದಿರಲಿಲ್ಲ, ಆದರೆ ಅವನ ಫಾರ್ಮ್ 26ಎಎಸ್‌ನಲ್ಲಿ ಅದರ ಮೇಲಿನ ಟಿಡಿಎಸ್ ಕಾಣುತ್ತಿತ್ತು! ಅಂದರೆ ಕಂಪನಿಯೇ ಲೆಕ್ಕಪುಸ್ತಕದಲ್ಲಿ ಬಾಕಿ ಬರೆದುಕೊಂಡಿತ್ತು. ಅದನ್ನು ನೋಟಿಸಿಗೆ ಲಗತ್ತಿಸಿದ ಮೇಲೆ ಚೆಕ್ ಬಂತು. ಬೌನ್ಸ್ ಆಯಿತು. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಮತ್ತೊಂದು ನೋಟಿಸ್ ಕೊಟ್ಟ. ಅದು ತಲುಪಿ 15 ದಿನದಲ್ಲಿ ಹಣ ಕೊಡದಿದ್ದರೆ 138ನೇ ಕಲಂ ಪ್ರಕಾರ ಕ್ರಿಮಿನಲ್ ಕೇಸು. ಹನ್ನೆರಡನೇ ದಿನ ದುಡ್ಡು ಅಕೌಂಟಿಗೆ ಬಂತು.

ನನ್ನ ಬಳಿ ಇರುವುದು ಮ್ಯಾನೇಜರ್ ಕಳಿಸಿದ ವಾಟ್ಸ್ಆ್ಯಪ್ ಮೆಸೇಜುಗಳು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಟ್ಟರೆ ಅವೂ ಸಾಕ್ಷ್ಯ. ಹಳೇ ಮೊಬೈಲನ್ನು ಎಕ್ಸ್‌ಚೇಂಜಿಗೆ ಹಾಕದೆ ಹಾಗೇ ಇಟ್ಟುಕೊಂಡಿದ್ದೇನೆ. ವಕೀಲರ ಫೀಸು ಕೊಡುವ ಶಕ್ತಿ ಇರಲಿಲ್ಲ. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆಂದು ತಿಳಿದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ್ದೇನೆ.

ಕಳೆದ ತಿಂಗಳು ಇನ್ನೊಂದು ಸಂದರ್ಶನಕ್ಕೆ ಹೋಗಿದ್ದೆ. ಕಮಿಷನ್ ಎಷ್ಟು, ಯಾವಾಗ, ಕೆಲಸ ಬಿಟ್ಟರೆ ಏನು ಎಂಬುದನ್ನು ಇ-ಮೇಲ್‌ನಲ್ಲಿ ಕೊಡಿ ಎಂದೆ. ಎಚ್‌ಆರ್ ಮುಖ ಸಪ್ಪಗಾಯಿತು. ಎರಡು ದಿನ ಬಿಟ್ಟು ಮೇಲ್ ಬಂತು.